ಕಾಯುವ ದೀಪ, ಕಾಯದ ಮನೆ

ಸೆಪ್ಟೆಂಬರ್ 29

ಬೇಕರಿಯ ದುಂಡುಮೇಜಿನಲ್ಲಿ ಇವತ್ತು ಈ ವರ್ಷದ ಪಂದ್ಯ ಕಟ್ಟಿದೆವು. ನಿಯಮ ಹಳೆಯದೇ. ನವೆಂಬರ್ ಹದಿನೈದಕ್ಕೆ ಜಿಂಕೆ ಬೇಟೆ ಶುರುವಾಗುವ ತನಕ ಯಾರೂ ಮನೆ ಬಿಸಿಮಾಡುವ ಫರ್ನೇಸು ಹೊತ್ತಿಸಕೂಡದು. ಮೊದಲು ಹೊತ್ತಿಸಿದವನು ಚಳಿಗಾಲ ಮುಗಿಯುವವರೆಗೆ ಬೇಕರಿಗೆ ಗುಲಾಬಿ ಟೋಪಿ ಹಾಕಿಕೊಂಡು ಬರಬೇಕು. ಟೋಪಿ ಹೆಣೆದದ್ದು ಮೆಲ್ವಿನ್ ಒಯಾಲಾನ ತಾಯಿ. ಅದರ ನೆತ್ತಿಯ ಮೇಲೊಂದು ಉಣ್ಣೆಯ ಚೆಂಡಿದೆ, ಕಿವಿಗಳ ಮೇಲೆ ಇಳಿಬಿದ್ದ ಎರಡು ಜಡೆಗಳಿವೆ. ಯಾವುದೋ ಹೆಣ್ಣುಮಗುವಿಗೆಂದು ಹೆಣೆದದ್ದಂತೆ. ಆ ಮಗುವಿನ ಪುಣ್ಯ, ಅಳತೆ ತಪ್ಪಿತು.

ಈ ಪಂದ್ಯದಲ್ಲಿ ಮೋಸ ಸಾಧ್ಯವಿಲ್ಲ. ಚಿಮಣಿಯಿಂದ ಬಿಳಿ ಹಬೆ ಎದ್ದರೆ ಬೀದಿಗೆಲ್ಲ ಗೊತ್ತಾಗುತ್ತದೆ. ಹಿಮ ಬಿದ್ದ ಮೇಲಂತೂ ಸೂರೇ ಚಾಡಿ ಹೇಳುತ್ತದೆ: ಒಳಗೆ ಬಿಸಿ ಹೆಚ್ಚಾದರೆ ಮೇಲಿನ ಹಿಮ ಕರಗಿ, ಅಂಚಿಗೆ ಬಂದು, ಕೋಲು ಕೋಲಾಗಿ ಹೆಪ್ಪುಗಟ್ಟಿ ಜೋತುಬೀಳುತ್ತದೆ. ನಾನು, ಮೆಲ್ವಿನ್, ಮತ್ತು ನನ್ನ ಪಕ್ಕದ ಮನೆಯ ಕ್ಲೈಡ್ ಟ್ರೆವಾರೊ, ಮೂವರೂ ಕಾರಿನಲ್ಲಿ ನಿಧಾನವಾಗಿ ಸುತ್ತುತ್ತ ಊರವರ ಸೂರು ನೋಡಿ ಅವರ ಚಾರಿತ್ರ್ಯ ಅಳೆಯುತ್ತೇವೆ. ನಿವೃತ್ತರಾದವರಿಗೆ ಏನಾದರೊಂದು ಸಮಾಜಸೇವೆ ಬೇಕಲ್ಲ.

ಆ ಟೋಪಿ ನನ್ನ ತಲೆಗೆ ಎಂದೂ ಏರಿಲ್ಲ. ಜೀವನವಿಡೀ ಹೈಸ್ಕೂಲಿನಲ್ಲಿ ಇತಿಹಾಸ ಕಲಿಸಿದವನು ನಾನು. ಇತಿಹಾಸ ನಿರ್ಮಿಸಲು ಸಿಕ್ಕಿದ ಅವಕಾಶ ಇದೊಂದೇ.

ಮನೆಗೆ ಬಂದು ಹೇಳಿದರೆ ಲೆಂಪಿ ಸಂತೋಷಪಡಲಿಲ್ಲ. ಮೇ ತಿಂಗಳಲ್ಲಿ ಥೈರಾಯ್ಡ್ ಗ್ರಂಥಿ ತೆಗೆಸಿಕೊಂಡಾಗಿನಿಂದ ನನ್ನ ಹೆಂಡತಿಗೆ ಸಂತೋಷ ತಡವಾಗಿ ಬರುತ್ತದೆ, ಚಳಿ ಬೇಗ ಬರುತ್ತದೆ. ಈ ಸಲ ಪಂದ್ಯ ಬೇಡ, ಮನೆಯನ್ನು ಅರವತ್ತೆಂಟು ಡಿಗ್ರಿ ಫ್ಯಾರನ್‌ಹೀಟಿಗೆ ಇಡೋಣ ಎಂದಳು. ನಮ್ಮ ಥರ್ಮೋಸ್ಟಾಟ್ ಒಂದು ಹಿತ್ತಾಳೆಯ ಗುಂಡು ತಿರುಗಣಿ. ಅದರ ಪಕ್ಕ, ಅರವತ್ತೆರಡರ ನೇರಕ್ಕೆ, ಗೋಡೆಯ ಮೇಲೆ ನನ್ನ ಅಪ್ಪ ಪೆನ್ಸಿಲಿನಿಂದ ಗೆರೆ ಎಳೆದಿದ್ದಾನೆ. ಎಷ್ಟು ಸಲ ಬಣ್ಣ ಬಳಿಸಿದರೂ ಆ ಗೆರೆಯ ಸುತ್ತ ಬಳಿಸಿದ್ದೇನೆ. ಚಳಿಗಾಲ ಪೂರ್ತಿ ಅರವತ್ತೆರಡು. ಅದಕ್ಕೆ ಮೊದಲು ಮೇಲಿನವನು ಎಷ್ಟು ಕೊಟ್ಟರೆ ಅಷ್ಟು. ನಾನು ಕಾಲೇಜಿನಲ್ಲಿ ಬೆವರು ಸುರಿಸಿ ಗಳಿಸಿದ್ದು ಎರಡು ಡಿಗ್ರಿ. ಇವಳು ಕೂತಲ್ಲಿಂದಲೇ ಆರು ಡಿಗ್ರಿ ಕೇಳುತ್ತಾಳೆ.

"ಸ್ವೆಟರ್ ಹಾಕ್ಕೊ" ಎಂದೆ.

"ಹಾಕ್ಕೊಂಡಿದ್ದೀನಿ."

"ಎರಡನೇದು ಇರ್ತದಲ್ಲ."

ಎದ್ದು ಹೋಗಿ ಅದನ್ನೂ ಹಾಕಿಕೊಂಡು ಬಂದಳು. ಬುದ್ಧಿವಾದ ಹೇಳುವ ರೀತಿಯಲ್ಲಿ ಹೇಳಿದರೆ ಜನ ಕೇಳುತ್ತಾರೆ.

ಅಕ್ಟೋಬರ್ 10

ಲೆಂಪಿಗೆ ಬ್ರೆಡ್ಡಿನ ಹುಚ್ಚು ಹಿಡಿದಿದೆ. ದಿನಾ ಏಲಕ್ಕಿ ಬ್ರೆಡ್ಡು. ಜಡೆ ಹೆಣೆದು, ಮೇಲೆ ಸಕ್ಕರೆ ಉದುರಿಸಿ, ಓವನ್ನಿಗೆ ಇಡುತ್ತಾಳೆ. ತೆಗೆದ ಮೇಲೆ ಓವನ್ನಿನ ಬಾಗಿಲನ್ನು ಹಾಗೇ ತೆರೆದಿಟ್ಟು, ಎದುರಿಗೆ ಕುರ್ಚಿ ಎಳೆದುಕೊಂಡು ಕೂರುತ್ತಾಳೆ. ಬ್ರೆಡ್ಡನ್ನು ಮಾತ್ರ ತಾನು ಮುಟ್ಟುವುದಿಲ್ಲ, ಯಾಕೋ. ಎಲ್ಲ ನನಗೇ. ಪ್ಯಾಂಟಿನ ಗುಂಡಿ ಮುಷ್ಕರ ಹೂಡಿದೆ. ಮೈಗೇರಿದ ಬೆಣ್ಣೆಯೂ ಒಂದು ಬಗೆಯ ಸ್ವೆಟರೇ ಎಂದು ಸಮಾಧಾನ ಮಾಡಿಕೊಂಡಿದ್ದೇನೆ.

ಸರೋವರದ ಆಚೆ ದಡದ ಕೆನಡಾ ರೇಡಿಯೊದಲ್ಲಿ ಯಾರೋ ಡಾಕ್ಟರು ಮನೆ ಇಪ್ಪತ್ತೊಂದು ಡಿಗ್ರಿ ಇದ್ದರೆ ವಯಸ್ಸಾದವರಿಗೆ ಹಿತ ಎನ್ನುತ್ತಿದ್ದ. ನೋಡು, ಅವರು ಇಪ್ಪತ್ತೊಂದರಲ್ಲಿ ಬದುಕುತ್ತಾರೆ ಎಂದೆ. ಅವರ ಇಪ್ಪತ್ತೊಂದು ಅಂದರೆ ನಮ್ಮ ಎಪ್ಪತ್ತು ಎಂದು ಲೆಂಪಿ ಓವನ್ನಿನ ಕಡೆಯಿಂದ ತಿರುಗದೆಯೇ ಹೇಳಿದಳು. ಪರದೇಶದ ವಿಷಯ ಬಿಟ್ಟೆ.

ಅಕ್ಟೋಬರ್ 22

ಕೂದಲೆಳೆಯಲ್ಲಿ ಪಾರಾದೆ. ಬೇಕರಿಯಿಂದ ಬಂದು ಬಾಗಿಲು ತೆರೆಯುವಾಗಲೇ ನೆಲಮಾಳಿಗೆಯಲ್ಲಿ ಫರ್ನೇಸು ಗುರುಗುಟ್ಟುತ್ತಿತ್ತು. ತಿರುಗಣಿ ಅರವತ್ತೆಂಟರಲ್ಲಿತ್ತು. ಓಡಿಹೋಗಿ ತಿರುಗಿಸಿದೆ, ಮತ್ತೆ ಹೊರಗೆ ಓಡಿ ಚಿಮಣಿ ನೋಡಿದೆ. ಒಂದು ತುಣುಕು ಹಬೆ ಮಾತ್ರ; ನೋಡಿದವರು ಹಕ್ಕಿ ಎಂದುಕೊಂಡಾರು. ಮೆಲ್ವಿನ್‌ನ ಕಾರು ಕಾಣಲಿಲ್ಲ.

ಲೆಂಪಿ ಎರಡೂ ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಕೂತಿದ್ದಳು. ಉಗುರುಗಳಿಗೆ ನೇರಳೆ ಬಣ್ಣ ಹಚ್ಚಿಕೊಂಡಿದ್ದಾಳೆ ಎಂದುಕೊಂಡೆ. ಹಚ್ಚಿಕೊಂಡಿರಲಿಲ್ಲ. ಜಿಂಕೆ ಬೇಟೆಗೆ ಇನ್ನು ಸ್ವಲ್ಪವೇ ದಿನ, ಅಲ್ಲಿಯವರೆಗೆ ಹಲ್ಲು ಕಚ್ಚಿಕೋ ಎಂದೆ. ಕಚ್ಚಿಕೊಳ್ಳಲು ಹಲ್ಲು ಒಂದು ಕಡೆ ನಿಲ್ಲಬೇಕಲ್ಲ ಎಂದಳು. ಆಮೇಲೆ,

"ನಿನ್ನ ಪಂದ್ಯದಲ್ಲಿ ನಾನು ಸೇರಿಲ್ಲ ಅರ್ವೊ. ಆದ್ರೂ ದಿನಾ ಸೋಲ್ತಿರೋಳು ನಾನೇ" ಎಂದಳು.

ತಾಪ ಬೇಕೆಂಬುದು ಅವಳ ಹಟ, ಮಾನ ಬೇಕೆಂಬುದು ನನ್ನ ಹಟ. ಇವೆರಡನ್ನೂ ಜೋಡಿಸಿ ತಾಪಮಾನ ಎಂಬ ಒಂದೇ ಪದ ಮಾಡಿದವನಿಗೆ ಮದುವೆಯಾಗಿರಲಿಕ್ಕಿಲ್ಲ.

ಅಕ್ಟೋಬರ್ 24

ಲೆಂಪಿ ಹೋದಳು. ಹೆಚ್ಚು ದೂರವೇನಲ್ಲ: ಗುಡ್ಡದ ಮೇಲಿನ ಬೀದಿಯಲ್ಲಿ ಅವಳ ಅಕ್ಕ ಟೈಮಿಯ ಮನೆ. ಟೈಮಿಯ ಅಡುಗೆಮನೆಯ ಕಿಟಕಿಯಿಂದ ನಮ್ಮ ಮುಂದಿನ ಕೋಣೆ ಕಾಣುತ್ತದೆ. ಅಲ್ಲಿ ಯಾವಾಗಲೂ ಎಪ್ಪತ್ತೆರಡು. ಆ ಮನೆಯಲ್ಲಿ ಬಾಳೆಗಿಡ ಬೆಳೆಸಬಹುದು.

ಹೋಗುವ ಮೊದಲು ಅಕ್ಕನ ಕಾವಲು ದೀಪವನ್ನು ತಂದು ನಮ್ಮ ಮುಂದಿನ ಕಿಟಕಿಯಲ್ಲಿ ಇಟ್ಟಳು. ಚಳಿಗಾಲಕ್ಕೆ ಅರಿಜೋನಾ, ಫ್ಲಾರಿಡಾ ಎಂದು ಓಡಿಹೋಗುವವರ ಕಿಟಕಿಗಳಲ್ಲೆಲ್ಲ ಇರುವ ದೀಪ ಅದು. ಅಂಗೈಯಗಲದ ಪೆಟ್ಟಿಗೆ, ಅದಕ್ಕೊಂದು ಪುಟ್ಟ ತಿರುಗಣಿ, ಮೇಲೆ ಕೆಂಪು ಬಲ್ಬು. ಖಾಲಿ ಮನೆಯ ಫರ್ನೇಸು ಕೆಟ್ಟು ಒಳಗಿನ ಬಿಸಿ ಗೊತ್ತುಮಾಡಿದ ಅಂಕಿಗಿಂತ ಕೆಳಗಿಳಿದರೆ ದೀಪ ತಾನಾಗಿ ಹತ್ತಿಕೊಳ್ಳುತ್ತದೆ. ಕಂಡವರು ಯಾರೇ ಆಗಲಿ, ನೆರೆಮನೆಯಿಂದ ಕೀಲಿ ತೆಗೆದುಕೊಂಡು ಒಳಗೆ ಹೋಗಿ, ನೀರಿನ ಪೈಪು ಹೆಪ್ಪುಗಟ್ಟಿ ಒಡೆಯುವುದರೊಳಗೆ ನೋಡಬೇಕು. ಅದು ಈ ಊರಿನ ಧರ್ಮ. ಊರು ಬಿಟ್ಟವರು ಅದನ್ನು ನಲವತ್ತೈದಕ್ಕೆ ಇಟ್ಟು ಹೋಗುತ್ತಾರೆ.

ಲೆಂಪಿ ಅರವತ್ತೆಂಟಕ್ಕೆ ಇಟ್ಟಳು. ತಕ್ಷಣ ಹತ್ತಿಕೊಂಡಿತು.

"ಇದು ಆರಿದ ದಿನ ಬರ್ತೀನಿ" ಎಂದಳು.

ನನಗೆ ನಗು ಬಂತು. ಈ ದೀಪ ಮನೆ ಕಾಯುತ್ತದೆ, ನಿಜ. ಆದರೆ ದೀಪ ಕಾಯ್ದರೆ ಮನೆ ಕಾಯುತ್ತದೆಯೇ? ಈ ಮಾತನ್ನು ಅವಳು ಗೇಟು ದಾಟುವಾಗ ಹೇಳಿದೆ. ಚೆನ್ನಾದ ಶ್ಲೇಷೆ. ಅವಳು ತಿರುಗಿ ನೋಡಲಿಲ್ಲ. ಕಿವಿ ಮುಚ್ಚುವ ಟೋಪಿಯಿತ್ತು, ಕೇಳಿಸಿರಲಿಕ್ಕಿಲ್ಲ.

ಅಕ್ಟೋಬರ್ 26, ಶನಿವಾರ

ಶನಿವಾರ ಅಂದರೆ ಸೌನಾ, ಹಬೆಸ್ನಾನ. ನೆಲಮಾಳಿಗೆಯ ಸೌನಾಕ್ಕೆ ಕಟ್ಟಿಗೆ ಒಟ್ಟಿ ಬೆಂಕಿ ಹಾಕಿದೆ. ಮನೆ ಐವತ್ತಾರು, ಸೌನಾ ನೂರೆಂಬತ್ತು. ಸರಾಸರಿ ತೆಗೆದರೆ ನಮ್ಮದು ಊರಿಗೇ ಬೆಚ್ಚನೆಯ ಮನೆ. ಕಲ್ಲಿನ ಮೇಲೆ ನೀರು ಸುರಿದು, ಹಬೆಯಲ್ಲಿ ಕಣ್ಣುಮುಚ್ಚಿ ಕೂತಿದ್ದೆ. ಪಕ್ಕದ ಹಲಗೆ ಖಾಲಿಯಿತ್ತು; ಕಾಲು ಚಾಚಲು ಒಳ್ಳೆಯದೇ ಆಯಿತು. ಹೊರಗೆ ಏನೋ ಕಬ್ಬಿಣ ಬಡಿದ ಸದ್ದು. ಬೆಚ್ಚಗೆ ಕೂತಿದ್ದವನು ಬೆಚ್ಚಿಬಿದ್ದೆ. ಟವಲು ಸುತ್ತಿಕೊಂಡು ಬಾಗಿಲು ತೆರೆದರೆ ಕ್ಲೈಡ್. ಒಂದು ಕೈಯಲ್ಲಿ ಬಕೆಟ್ಟು, ಇನ್ನೊಂದರಲ್ಲಿ ಪಾನಾ. ನನ್ನ ನೀರಿನ ಪೈಪುಗಳನ್ನು ತಟ್ಟಿ ನೋಡುತ್ತಿದ್ದ.

"ಏನಯ್ಯಾ ಇದು?"

"ದೀಪ ಹತ್ತಿತ್ತು, ಮೇಷ್ಟ್ರೇ."

"ನಾನು ಮನೇಲೇ ಇದ್ದೀನಲ್ಲ."

"ನೀವು ಇದ್ದೀರಿ ಅಂತ ನನಗೆ ಗೊತ್ತು. ದೀಪಕ್ಕೆ ಗೊತ್ತಾಗಬೇಕಲ್ಲ."

ಕ್ಲೈಡ್‌ನ ಪೂರ್ವಿಕರು ಇಂಗ್ಲೆಂಡಿನ ತುದಿಯಿಂದ ತಾಮ್ರದ ಗಣಿಗೆ ಬಂದವರು. ಗಣಿ ಮುಚ್ಚಿ ಎಷ್ಟೋ ಕಾಲವಾದರೂ ನೆಲದಡಿಗೆ ಇಳಿದು ಏನಾದರೂ ತಟ್ಟುವ ಚಟ ಹೋಗಿಲ್ಲ. ಲೆಂಪಿ ಎಲ್ಲಿ ಎಂದು ಕೇಳಿದ. ಅಕ್ಕನಿಗೆ ಮಂಡಿನೋವು, ನೋಡಿಕೊಳ್ಳಲು ಹೋಗಿದ್ದಾಳೆ ಎಂದೆ. ಟೈಮಿ ಬೆಳಿಗ್ಗೆ ಏಣಿ ಹತ್ತಿ ಚಾವಣಿಯ ಎಲೆ ಗುಡಿಸುತ್ತಿದ್ದಳು ಎಂದು ಅವನು ಹೇಳಿದ. ನಾನು ಟವಲು ಬಿಗಿಮಾಡಿಕೊಂಡೆ.

ನವೆಂಬರ್ 2

ಈ ವಾರ ಮನೆಗೆ ನುಗ್ಗಿದವರು: ಕ್ಲೈಡ್, ಮತ್ತೆ ಕ್ಲೈಡ್, ಗ್ಯಾಸಿನ ಮೀಟರು ಓದುವವನು, ಕೊನೆಗೆ ಪೊಲೀಸು. ಪೊಲೀಸು ಎಂದರೆ ನನ್ನ ಹಳೆಯ ವಿದ್ಯಾರ್ಥಿನಿ ಕೇಲಾ. ಅಂತರ್ಯುದ್ಧ ಯಾವಾಗ ಶುರುವಾಯಿತು ಎಂದು ಅವಳಿಗೆ ಆಗಲೂ ಗೊತ್ತಿರಲಿಲ್ಲ. ಈಗ ನನ್ನ ಮನೆಯಲ್ಲೇ ಶುರುವಾಗಿದೆ, ಆದರೂ ಗೊತ್ತಾಗಲಿಲ್ಲ. ಟಾರ್ಚು ಬಿಡುತ್ತ ಬಂದವಳು ಕಂಬಳಿ ಹೊದ್ದು ಕೂತಿದ್ದ ನನ್ನ ಮುಖಕ್ಕೆ ಹಿಡಿದು, "ಸರ್, ನೀವು ಬದುಕಿದ್ದೀರಾ?" ಎಂದಳು. ಯಾರೋ ಹೊಸಬರು, ಕೆಂಪು ದೀಪದ ಮನೆಯಲ್ಲಿ ಒಬ್ಬ ಮುದುಕ ಅಲುಗಾಡದೆ ಕೂತಿದ್ದಾನೆ ಎಂದು ಫೋನು ಮಾಡಿದ್ದರಂತೆ.

ಸಂಜೆ ಚರ್ಚಿನ ಡೋರಿಸ್ ಪೆಲ್ಕೊನೆನ್ ಓವನ್ನಿನಲ್ಲಿ ಬೇಯಿಸಿದ ಮೀನು-ನೂಡಲ್ಸು ತಂದಳು. ಯಾರದಾದರೂ ಸಾವಾದರೆ ಮಾತ್ರ ಡೋರಿಸ್ ಅದನ್ನು ಮಾಡುವುದು. ಪಾತ್ರೆಯನ್ನು ನನ್ನ ಕೈಗಿತ್ತು, ದನಿ ತಗ್ಗಿಸಿ, "ಒಬ್ಬರಿಗೆ ಸಾಕಾಗುವಷ್ಟು ತಂದಿದ್ದೀನಿ" ಎಂದಳು. ಆ ಮಾತು ಅಷ್ಟು ಅಗತ್ಯವಿರಲಿಲ್ಲ. ನೂಡಲ್ಸು ಪರವಾಗಿರಲಿಲ್ಲ.

ನವೆಂಬರ್ 4

ಬಲ್ಬು ಕಳಚಿಟ್ಟೆ. ಒಂದು ಕಪ್ಪು ಕಾಫಿ ಮುಗಿಯುವುದರೊಳಗೆ ಲೆಂಪಿಯ ಫೋನು ಬಂತು.

"ಬಲ್ಬು ಕಳಚಿದೆಯಾ?"

"ನಿನಗೆ ಹೇಗೆ ಗೊತ್ತು?"

"ದೀಪ ಆರಿದೆ. ಚಿಮಣೀಲಿ ಹಬೆ ಇಲ್ಲ."

ಕಾಪಿ ಹೊಡೆದ ಹುಡುಗರನ್ನು ಕಿಟಕಿಯ ಗಾಜಿನ ಪ್ರತಿಬಿಂಬದಲ್ಲೇ ಹಿಡಿಯುತ್ತಿದ್ದವನು ನಾನು. ಬಲ್ಬನ್ನು ಮತ್ತೆ ತಿರುಗಿಸಿ ಹಾಕಿದೆ.

ನವೆಂಬರ್ 15

ಗೆದ್ದೆ. ಮೆಲ್ವಿನ್ ಹೋದ ತಿಂಗಳ ಕೊನೆಗೇ ಹೊತ್ತಿಸಿಬಿಟ್ಟಿದ್ದ. ಮನೆಗೆ ಎಳೆಯ ಮೊಮ್ಮಗು ಬಂದಿತ್ತಂತೆ. ನೆಪ. ಕ್ಲೈಡ್ ಮೊನ್ನೆ ಶರಣಾದ. ಇಂದು ಬೆಳಿಗ್ಗೆ ಗತ್ತಿನಿಂದ ತಿರುಗಣಿಯನ್ನು ಅಪ್ಪನ ಗೆರೆಗೆ ತಂದೆ. ಊರೆಲ್ಲ ಕಾಡಿಗೆ ಹೋಗಿದೆ. ಬೇಕರಿ ಮುಚ್ಚಿತ್ತು. ಹೇಳಲು ಯಾರೂ ಸಿಗಲಿಲ್ಲ.

ಅರವತ್ತೆರಡಾಯಿತು. ದೀಪ ಉರಿಯುತ್ತಲೇ ಇದೆ.

ಡಿಸೆಂಬರ್ 8

ವಿಜ್ಞಾನ ನನ್ನ ವಿಷಯವಲ್ಲ, ಆದರೂ ಹೊಳೆಯಿತು: ದೀಪದ ಪೆಟ್ಟಿಗೆಗೆ ಬೇಕಾದದ್ದು ಬಿಸಿ, ಬಿಸಿ ಮನೆಯಲ್ಲ. ಎರಡು ದಪ್ಪ ಆಲೂಗಡ್ಡೆ ಸುಟ್ಟು ಅದರ ಎರಡೂ ಪಕ್ಕಕ್ಕೆ ಇಟ್ಟೆ. ದೀಪ ತಣ್ಣಗೆ ಆರಿತು. ಈ ಸಲ ಚಿಮಣಿಯಲ್ಲಿ ಹಬೆಯೂ ಇತ್ತು. ಪರಿಪೂರ್ಣ ಯೋಜನೆ.

ಲೆಂಪಿ ಬಂದಳು. ಕೈಯಲ್ಲಿ ಚೀಲವಿತ್ತು. ಅಡುಗೆಮನೆಯಿಂದ ನೋಡುತ್ತಿದ್ದ ನನಗೆ ಅವಳು ಹಿಮ ಒದರಿಕೊಂಡು ಒಳಗೆ ಕಾಲಿಟ್ಟಾಗ ಗೆದ್ದೆನೆಂದೇ ಅನಿಸಿತು. ಅವಳು ಕೋಟು ಬಿಚ್ಚಲಿಲ್ಲ. ಒಮ್ಮೆ ಮೂಸಿದಳು. ಕಿಟಕಿಗೆ ಹೋಗಿ ಪರದೆ ಸರಿಸಿದಳು.

"ಆಲೂಗಡ್ಡೆ ಬೆಂದಿದೆ" ಎಂದಳು, ಬೇರೇನೂ ಬೆಂದಿಲ್ಲ ಎನ್ನುವ ದನಿಯಲ್ಲಿ.

ಉಪ್ಪು ತರಲೇ ಎಂದು ಕೇಳಿದೆ. ಇಂಥ ಹೊತ್ತಿನಲ್ಲೂ ಹಾಸ್ಯಪ್ರಜ್ಞೆ ಬಿಡದಿರುವುದು ದೊಡ್ಡ ಗುಣ. ಅವಳು ನಗಲಿಲ್ಲ.

"ಸ್ವೆಟರು ಹೊರಗಿನ ಚಳಿಗೆ, ಅರ್ವೊ. ನನ್ನ ಚಳಿ ಒಳಗಿಂದ ಬರ್ತದೆ. ಅದಕ್ಕೆ ಎಷ್ಟನೇ ಸ್ವೆಟರು ಹಾಕ್ಕೋಬೇಕು ಹೇಳು."

ಅವಳು ಕೋಟಿನ ಒಂದೊಂದು ಜೇಬಿಗೆ ಒಂದೊಂದು ಆಲೂಗಡ್ಡೆ ಇಳಿಸಿಕೊಂಡು, ಅವುಗಳ ಮೇಲೆ ಕೈ ಇಟ್ಟುಕೊಂಡು, ಗುಡ್ಡ ಹತ್ತಿದಳು. ಚಿಕ್ಕವಳಿದ್ದಾಗ ಶಾಲೆಗೆ ಹಾಗೇ ಹೋಗುತ್ತಿದ್ದಳಂತೆ. ಚೀಲವನ್ನು ಬಾಗಿಲ ಬಳಿಯಿಂದ ಎತ್ತಿಕೊಳ್ಳುವುದನ್ನು ಮಾತ್ರ ಮರೆಯಲಿಲ್ಲ.

ರಾತ್ರಿಯೂಟಕ್ಕೆ ಆಲೂಗಡ್ಡೆಯೂ ಇಲ್ಲ.

ಡಿಸೆಂಬರ್ 25

ಟೈಮಿಯ ಮನೆಯಲ್ಲಿ ಹಬ್ಬದೂಟ. ಎಪ್ಪತ್ತೆರಡು ಡಿಗ್ರಿ. ಸ್ವೆಟರು ಬಿಚ್ಚಲಿಲ್ಲ, ತತ್ವದ ಪ್ರಶ್ನೆ. ಬೆವರು ಹಂದಿಮಾಂಸದ ತಟ್ಟೆಗೆ ಬಿತ್ತು. ಅಷ್ಟು ಸೆಕೆಯಲ್ಲೂ ಟೈಮಿ ನನ್ನ ಚಳಿ ಬಿಡಿಸಿದಳು. ಮೈಗೆ ಕಂಬಳಿ ಸುತ್ತಿಕೊಂಡು ಬಂದಿದ್ದ ತಂಗಿಯ ಬೆರಳುಗಳು ಸರಿಯಾಗಲು ಎಷ್ಟು ದಿನ ಹಿಡಿಯಿತೆಂದು ಎಲ್ಲರೆದುರು ಹೇಳಿದಳು. ಲೆಂಪಿ ತೆಳ್ಳನೆಯ ಅಂಗಿಯಲ್ಲಿ ಓಡಾಡುತ್ತಿದ್ದಳು. ನಗುತ್ತಿದ್ದಳು. ಹಾಗೆ ನಗುತ್ತಾಳೆಂಬುದು ಮರೆತೇಹೋಗಿತ್ತು.

ಜನವರಿ 14

ಹೊರಗೆ ಸೊನ್ನೆಗಿಂತ ಹತ್ತೊಂಬತ್ತು ಕೆಳಗೆ. ತಿರುಗಣಿಯನ್ನು ಅರವತ್ತನಾಲ್ಕಕ್ಕೆ ಇಟ್ಟೆ. ಪೈಪುಗಳಿಗಾಗಿ.

ಜನವರಿ 27

ಅರವತ್ತಾರು. ಲೆಂಪಿಯ ಜೆರೇನಿಯಂ ಗಿಡ ಬಾಡುತ್ತಿತ್ತು. ಗಿಡಕ್ಕೆ ಸ್ವೆಟರು ಹಾಕ್ಕೋ ಎನ್ನಲಾಗುವುದಿಲ್ಲವಲ್ಲ.

ಬೇಕರಿಯಲ್ಲಿ ಈ ವಿಷಯ ಎತ್ತಲಿಲ್ಲ.

ಫೆಬ್ರವರಿ 9

ಅಂಗಡಿಯ ಬ್ರೆಡ್ಡು ಹತ್ತಿಯ ಹಾಗಿದೆ. ನಾನೇ ಏಲಕ್ಕಿ ಬ್ರೆಡ್ಡು ಮಾಡಲು ಹೊರಟೆ. ಕಷ್ಟವೇನು, ಹೆಂಗಸರು ಮಾತಾಡುತ್ತ ಮಾಡುತ್ತಾರೆ. ಹಿಟ್ಟು ಉಬ್ಬಲಿಲ್ಲ. ಇಟ್ಟಿಗೆಯಂಥದ್ದು ಬಂತು. ಕ್ಲೈಡ್‌ಗೆ ಕೊಟ್ಟೆ, ಗ್ಯಾರೇಜಿನ ಬಾಗಿಲು ಗಾಳಿಗೆ ಹೊಡೆದುಕೊಳ್ಳದಂತೆ ಅಡ್ಡ ಇಟ್ಟಿದ್ದಾನೆ, ಚೆನ್ನಾಗಿ ನಿಲ್ಲುತ್ತದಂತೆ.

ಓವನ್ನಿನ ಬಾಗಿಲು ತೆರೆದಿಟ್ಟು ಕುರ್ಚಿ ಎಳೆದುಕೊಂಡು ಕೂತೆ. ಮೊಣಕಾಲಿಗೆ, ಅಂಗೈಗೆ, ಮುಖಕ್ಕೆ ಶಾಖ ಬಂತು. ಬ್ರೆಡ್ಡು ತಿನ್ನಬೇಕೆಂದು ಅನಿಸಲೇ ಇಲ್ಲ.



ಫೆಬ್ರವರಿ 16

ಹಿಟ್ಟು ಉಬ್ಬಬೇಕಾದರೆ ಕೋಣೆ ಎಪ್ಪತ್ತಿರಬೇಕು ಎಂದು ಯೀಸ್ಟಿನ ಪೊಟ್ಟಣದ ಬೆನ್ನ ಮೇಲೆ ಬರೆದಿದೆ. ಎಪ್ಪತ್ತಕ್ಕೆ ಇಟ್ಟೆ. ಅಪ್ಪನ ಗೆರೆ ಎಲ್ಲೋ ಕೆಳಗೆ, ಬೇರೆ ಜಿಲ್ಲೆಯಲ್ಲಿ ಉಳಿಯಿತು. ಯೀಸ್ಟು ಕೂಡ ಜೀವಿಯೇ. ಅದಕ್ಕೆ ಹಟ ಅರ್ಥವಾಗುವುದಿಲ್ಲ. ಉಬ್ಬಿತು. ಬಟ್ಟೆ ಎತ್ತಿ ನೋಡಿದಾಗ ನಾನೂ ಸ್ವಲ್ಪ ಉಬ್ಬಿದೆ. ಜಡೆ ಹೆಣೆಯಲು ಬರಲಿಲ್ಲ. ಹಗ್ಗದ ಗಂಟಿನಂತೆ ಕಟ್ಟಿ ಒಳಗಿಟ್ಟೆ.

ಫೆಬ್ರವರಿ 21

ವಾರವಾಗುತ್ತ ಬಂತು, ಯಾರೂ ಮನೆಗೆ ನುಗ್ಗಿಲ್ಲ. ಕ್ಲೈಡ್ ಇಲ್ಲ, ಬಕೆಟ್ಟಿಲ್ಲ. ಕೇಲಾಳ ಕಾರು ಮುಂದೆ ಹಾದುಹೋಯಿತು, ನಿಲ್ಲಲೂ ಇಲ್ಲ. ಊರಿನ ಧರ್ಮ ಹಾಳಾಗಿದೆ, ಮನುಷ್ಯ ಸತ್ತರೂ ಕೇಳುವವರಿಲ್ಲ ಎಂದು ಗೊಣಗುತ್ತ ಮುಂದಿನ ಕೋಣೆಗೆ ಹೋದೆ.

ದೀಪ ಆರಿತ್ತು.

ಬಲ್ಬು ಬಿಗಿಯಾಗಿಯೇ ಇತ್ತು. ಆಲೂಗಡ್ಡೆ ಇರಲಿಲ್ಲ. ಹಿಟ್ಟಿಗೆಂದು ಎಪ್ಪತ್ತಕ್ಕೆ ಇಟ್ಟ ತಿರುಗಣಿಯನ್ನು ಇಳಿಸುವುದು ಮರೆತುಹೋಗಿದೆ. ಇಳಿಸಲು ಹೋದೆ. ನಾಳೆ ಮತ್ತೆ ಹಿಟ್ಟು ಕಲಸುವುದಿದೆ ಎಂದು ಬಿಟ್ಟೆ.

ಫೆಬ್ರವರಿ 26

ಮನೆ ಕಾಯ್ದಿದೆ. ನಾನೂ ಕಾದಿದ್ದೇನೆ. ಅವಳು ಬರಲಿಲ್ಲ. ಮಾತಿಗೆ ತಪ್ಪಿದವರ ಮೇಲೆ ನನಗೆ ಗೌರವವಿಲ್ಲ. ಎರಡು ಬ್ರೆಡ್ಡು ಮಾಡಿದ್ದೆ. ಎರಡೂ ಹಾಗೇ ಇವೆ.

ಮಾರ್ಚ್ 1, ಶನಿವಾರ

ಬೇಕರಿಗೆ ಹೋಗಿ ಕೂರುವುದರೊಳಗೆ ಮೆಲ್ವಿನ್ ಗಂಟಲು ಸರಿಮಾಡಿಕೊಂಡು ನನ್ನ ಸೂರನ್ನು ಬೆಳಿಗ್ಗೆ ನೋಡಿದೆ ಎಂದ. ಪೂರ್ವದ ಅಂಚಿನಲ್ಲಿ ಹಿಮದ ಕೋಲಿನ 'ಬೇಸಾಯ' ಜೋರಾಗಿದೆಯಂತೆ. ಕ್ಲೈಡ್ ಕಾಫಿಯೊಳಗೆ ನೋಡುತ್ತ ಕೂತ. ಹಿಮದ ಕೋಲುಗಳು ನನ್ನ ಎತ್ತರ ಇವೆ, ಒಂದಂತೂ ಪೊದೆಗೆ ತಾಕಿದೆ ಎಂದು ಮೆಲ್ವಿನ್ ಪ್ರೀತಿಯಿಂದ ವರ್ಣಿಸಿದ. ಆಮೇಲೆ ತನ್ನ ತಲೆಯಿಂದ ಗುಲಾಬಿ ಟೋಪಿ ತೆಗೆದು, ಒದರಿ, ನನ್ನ ತಟ್ಟೆಯ ಪಕ್ಕ ಇಟ್ಟ. ಪಂದ್ಯ ನವೆಂಬರಿಗೇ ಮುಗಿದಿದೆ, ಇದು ನಿಯಮದಲ್ಲಿಲ್ಲ ಎಂದು ನಾನು ವಾದಿಸಬಹುದಿತ್ತು. ಇತಿಹಾಸದ ಮೇಷ್ಟರಿಗೆ ಒಪ್ಪಂದಗಳ ತೂತು ಗೊತ್ತಿರುತ್ತದೆ.

ಹಾಕಿಕೊಂಡೆ. ಗಾಳಿ ಇತ್ತು, ಕಿವಿಗೆ ಒಳ್ಳೆಯದು.

ಕಾಫಿ ಕುಡಿದು ನೇರ ಮನೆಗೆ ಬರಬೇಕಿತ್ತು. ಬ್ರೆಡ್ಡಿನ ಅಚ್ಚೊಂದು ಟೈಮಿಯ ಮನೆಯಲ್ಲಿದೆ ಎಂದು ನೆನಪಾಯಿತು. ಮುಖ್ಯಬೀದಿಯುದ್ದಕ್ಕೂ ನಡೆದೆ. ಗ್ಯಾಸಿನ ಮೀಟರಿನವನು ಗಾಡಿ ನಿಲ್ಲಿಸಿ ನೋಡಿದ. ಚರ್ಚಿನ ಮುಂದೆ ಹಿಮ ತಳ್ಳುತ್ತಿದ್ದ ಡೋರಿಸ್ ಸಲಿಕೆ ನಿಲ್ಲಿಸಿದಳು; ಯಾರು ಸತ್ತರು ಎಂದು ಲೆಕ್ಕ ಹಾಕುತ್ತಿದ್ದಳೋ ಏನೋ. ಗುಡ್ಡ ಹತ್ತುವಾಗ ನೆತ್ತಿಯ ಚೆಂಡು ಅತ್ತಿತ್ತ ಕುಣಿಯುತ್ತಿತ್ತು. ಜೀವಮಾನದಲ್ಲಿ ಗಳಿಸಿದ ಮಾನವೆಲ್ಲ ಆ ಚೆಂಡಿನ ಜೊತೆ ಕುಣಿಯುತ್ತಿದೆ ಎಂದುಕೊಂಡೆ. ವಿಚಿತ್ರ, ಅದು ಅಷ್ಟೇನೂ ಭಾರವಿರಲಿಲ್ಲ.

ಬಾಗಿಲು ತೆರೆದವಳು ಲೆಂಪಿ. ಟೋಪಿಯನ್ನು ನೋಡಿದಳು. ಚೆಂಡಿನಿಂದ ಶುರುಮಾಡಿ ಜಡೆಯ ತುದಿಯವರೆಗೆ ನೋಡಿದಳು.

"ಇಷ್ಟು ದಿನ ದೀಪಕ್ಕೆ ಟೋಪಿ ಹಾಕ್ತಿದ್ದೆ. ಈಗ ನೀನೇ ಹಾಕ್ಕೊಂಡು ಬಂದ್ಯಾ?"

ಶ್ಲೇಷೆ ಮಾಡುವ ಹಕ್ಕು ಈ ಮನೆತನದಲ್ಲಿ ನನ್ನದು. ಆದರೂ ಚೆನ್ನಾಗಿತ್ತು.

"ಸೂರಲ್ಲಿ ಹಿಮದ ಕೋಲು ಬಿಟ್ಟಿದೆ" ಎಂದೆ.

"ಎಷ್ಟು ಉದ್ದ?"

ಕೈಯನ್ನು ನನ್ನ ತಲೆಯ ಮಟ್ಟಕ್ಕೆ ಎತ್ತಿ ತೋರಿಸಿದೆ. ಅವಳು ಬಾಗಿಲಿಗೆ ಒರಗಿದಳು. ದೀಪ ಆರಿ ಎಷ್ಟೋ ದಿನವಾಯಿತು, ಬರುತ್ತೇನೆ ಅಂದಿದ್ದೆಯಲ್ಲ ಎಂದು ಕೇಳಿದೆ.

"ಆರಿದ್ದು ನೋಡ್ದೆ. ಒಂದ್ಸಲ ಬಲ್ಬು, ಒಂದ್ಸಲ ಆಲೂಗಡ್ಡೆ. ಈ ಸಲ ಗೆಣಸೋ ಏನೋ ಅಂದ್ಕೊಂಡೆ. ನೀನು ಬಂದು ಕರೀತೀಯೇನೋ ಅಂತಾನೂ ಇದ್ದೆ."

"ಕರೀಬೇಕು ಅನ್ನೋದು ಒಪ್ಪಂದದಲ್ಲಿ ಇರ್ಲಿಲ್ಲ."

"ಈಗ ಸೇರಿಸಿದ್ದೀನಿ."

ಎದುರು ಮನೆಯ ಪರದೆ ಸರಿಯಿತು. ಒಳಗಿಂದ ಟೈಮಿ, ಯಾರದು, ಬಾಗಿಲು ಹಾಕಿ ಮಾತಾಡಿ, ಬಿಸಿಯೆಲ್ಲ ಹೋಗ್ತಿದೆ ಎಂದು ಕೂಗಿದಳು. ಆ ಮಾತನ್ನು ಆ ಮನೆಯಲ್ಲಿ ಕೇಳಿದ್ದು ಅದೇ ಮೊದಲು.

"ಮನೆಗೆ ಬಾ, ಲೆಂಪಿ" ಎಂದೆ. ಟೋಪಿ ತೆಗೆದು ಮತ್ತೆ ಹಾಕಿಕೊಂಡೆ. ಗುಡ್ಡ ಹತ್ತಿ ಬಂದಿದ್ದೆನಲ್ಲ, ನೆತ್ತಿ ಬೆವರಿತ್ತು.

ಅವಳು ಚೀಲ ತಂದಳು. ಅದು ಬಾಗಿಲ ಪಕ್ಕದಲ್ಲೇ ಇತ್ತು. ಬ್ರೆಡ್ಡಿನ ಅಚ್ಚನ್ನು ಕೇಳುವುದು ನನಗೆ ಮರೆತೇಹೋಯಿತು.

ಸಂಜೆ ಸೌನಾ. ಹಲಗೆ ಇಬ್ಬರಿಗೆ ಇಕ್ಕಟ್ಟು. ಕಾಲು ಚಾಚಲು ಆಗುವುದಿಲ್ಲ.

ಏಪ್ರಿಲ್ 19

ಎಪ್ಪತ್ತು. ನನ್ನ ಬ್ರೆಡ್ಡು ನೋಡಿ ಲೆಂಪಿ ಇದನ್ನು ಹೆಣೆದದ್ದೋ ಕಟ್ಟಿಹಾಕಿದ್ದೋ ಎಂದು ಕೇಳಿದಳು. ತಿಂದಳು. ಎರಡು ತುಂಡು. ಟೋಪಿಯನ್ನು ನಾಳೆಯಿಂದ ಹಾಕಬೇಕಿಲ್ಲ ಎಂದು ಮೆಲ್ವಿನ್ ಘೋಷಿಸಿದ. ಕೊಕ್ಕೆಗೆ ನೇತುಹಾಕಿದ್ದೇನೆ, ಹತ್ತಿರದಲ್ಲೇ ಇರಲಿ.

ದೀಪವನ್ನು ಟೈಮಿಗೆ ಹಿಂದಿರುಗಿಸಬೇಕು. ಇರಲಿ, ಕಿಟಕಿಗೆ ಏನಾದರೊಂದು ಬೇಕಲ್ಲ.

ಜುಲೈ 12

ಹೊರಗೆ ಎಂಬತ್ತೊಂಬತ್ತು. ಡಾಕ್ಟರು ಲೆಂಪಿಯ ಮಾತ್ರೆ ಹೆಚ್ಚಿಸಿದ ಮೇಲೆ ಅವಳಿಗೆ ಚಳಿ ಹೋಗಿ ಸೆಕೆ ಬಂದಿದೆ. ನೆರೆಯೂರಿನಿಂದ ಕಿಟಕಿಗೆ ಕೂರಿಸುವ ಏಸಿ ತಂದು ತಾನೇ ಕೂರಿಸಿದಳು. ಈ ಮನೆ ಕಟ್ಟಿದಾಗಿನಿಂದ ಇಂಥ ಯಂತ್ರ ಒಳಗೆ ಬಂದಿರಲಿಲ್ಲ. ಎಷ್ಟಕ್ಕೆ ಇಟ್ಟಿದ್ದೀಯಾ ಎಂದು ಕೇಳಿದೆ. ಗೋಡೆಯ ಮೇಲಿನ ಪೆನ್ಸಿಲ್ ಗೆರೆಯನ್ನು ತೋರಿಸಿದಳು. ಹಿರಿಯರ ಮಾತು ಮೀರಬಾರದಂತೆ.

ಮಧ್ಯಾಹ್ನದ ಊಟದ ಹೊತ್ತಿಗೆ ಮನೆ ಅರವತ್ತೆರಡಾಯಿತು. ದೀಪ ಹತ್ತಿಕೊಂಡಿತು. ಸ್ವಲ್ಪ ಹೊತ್ತಿಗೆ ಕ್ಲೈಡ್ ಚಡ್ಡಿಯಲ್ಲಿ ಬಂದ, ಕೈಯಲ್ಲಿ ಬಕೆಟ್ಟು, ಪಾನಾ. ಜುಲೈನಲ್ಲಿ ಯಾವ ಪೈಪಯ್ಯಾ ಹೆಪ್ಪುಗಟ್ಟುವುದು ಎಂದೆ. ದೀಪ ತಿಂಗಳು ನೋಡುವುದಿಲ್ಲ ಮೇಷ್ಟ್ರೇ ಎಂದು ನೆಲಮಾಳಿಗೆಗೆ ಇಳಿದು, ಎಲ್ಲ ತಟ್ಟಿ, ಮೇಲೆ ಬಂದು, ಬಕೆಟ್ಟು ಬೋರಲು ಹಾಕಿ ಏಸಿಯ ಎದುರಿಗೆ ಕೂತ. ಏಳುವ ಲಕ್ಷಣ ಕಾಣಲಿಲ್ಲ.

"ಲೆಂಪಿ, ಒಂಚೂರು ಜಾಸ್ತಿ ಮಾಡು. ಅರವತ್ತೆಂಟಾದ್ರೂ ಇಡು" ಎಂದೆ.

ಅವಳು ತಟ್ಟೆ ಒರೆಸುತ್ತಿದ್ದಳು. ತಿರುಗಲಿಲ್ಲ.

"ಸ್ವೆಟರ್ ಹಾಕ್ಕೊ."

"ಹಾಕ್ಕೊಂಡಿದ್ದೀನಿ."

"ಎರಡನೇದು ಇರ್ತದಲ್ಲ."

ಅದನ್ನೂ ಹಾಕಿಕೊಂಡು, ಕಿವಿಗೆ ಗುಲಾಬಿ ಟೋಪಿ ಎಳೆದುಕೊಂಡು ಇದನ್ನು ಬರೆಯುತ್ತಿದ್ದೇನೆ. ಕ್ಲೈಡ್ ಅಲ್ಲೇ ಕೂತು ಗೊರಕೆ ಹೊಡೆಯುತ್ತಿದ್ದಾನೆ. ದೀಪ ಉರಿಯುತ್ತಲೇ ಇದೆ, ಬೀದಿಗೆಲ್ಲ ಕಾಣುತ್ತಿದೆ. ಡೋರಿಸ್ ಹೇಗೂ ಬರುತ್ತಾಳೆ. ಈ ಸಲ ನೂಡಲ್ಸನ್ನು ಇಬ್ಬರಿಗೆ ಸಾಕಾಗುವಷ್ಟು ತರಲಿ.